ಗಿಳಿಯ ಕೊರಳಿನ ಗೆರೆ

ನವೆಂಬರ್ ಬಂತೆಂದರೆ ನಮ್ಮ ಮನೆಯ ಪರದೆ, ಹೊದಿಕೆ, ನನ್ನ ಸ್ಕೂಲ್ ಸ್ವೆಟರ್, ಕೊನೆಗೆ ರೊಟ್ಟಿ ಕೂಡ ಮೇಣದ ವಾಸನೆ ಹೊಡೆಯುತ್ತಿದ್ದ ಕಾಲವೊಂದಿತ್ತು. ಆಗ ನಾವು ಜರ್ಮನಿಯ ಪುಟ್ಟ ಊರು ಅಬ್‌ಸ್ಟಾಟ್‌ನಲ್ಲಿದ್ದೆವು. ಒಂದು ಬೇಕರಿ, ಒಂದು ಚರ್ಚು, ಸುತ್ತ ದ್ರಾಕ್ಷಿ ತೋಟ, ಊರಿಗಿಂತ ದೊಡ್ಡದಾಗಿ ಕಾಣುತ್ತಿದ್ದ ಅಪ್ಪನ ಆಫೀಸು. ಮಧ್ಯಾಹ್ನದ ಊಟ ಅರಗುವಷ್ಟರಲ್ಲಿ ಕತ್ತಲಾಗುತ್ತಿತ್ತು. ಹೊರಗೆ ಆಡಲು ಯಾರೂ ಸಿಗುತ್ತಿರಲಿಲ್ಲ. ಆ ಸಂಜೆಗಳಲ್ಲಿ ನಾನೂ ಅವ್ವನೂ ಅಡುಗೆಮನೆಯಲ್ಲಿ ಕೂತು ಮೇಣ ಕರಗಿಸಿ ದೀಪ ಮಾಡುತ್ತಿದ್ದೆವು.

ಬಾಲ್ಯದ ನೆನಪು ಬರೆಯುವವರು ಸಾಮಾನ್ಯವಾಗಿ ಕಣ್ಣು ಒದ್ದೆ ಮಾಡಿಕೊಂಡು ಬರೆಯುತ್ತಾರೆ. ನಾನು ಹಲ್ಲು ಕಚ್ಚಿಕೊಂಡು ಬರೆಯುತ್ತಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮೊದಲು ಗಿಳಿಯ ವಿಷಯ. ಅವ್ವನ ತವರು ಗದಗಿನ ಹತ್ತಿರ. ಆ ಕಡೆ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಮಾಡುವುದು ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. ಸಕ್ಕರೆ ಪಾಕವನ್ನು ಕಟ್ಟಿಗೆಯ ಅಚ್ಚಿಗೆ ಹೊಯ್ದು ಆನೆ, ನವಿಲು, ತೇರು, ಬಸವಣ್ಣ ಎಲ್ಲ ಮಾಡುತ್ತಾರೆ. ಹುಡುಗಿಯರು ಅವನ್ನು ತಟ್ಟೆಯಲ್ಲಿಟ್ಟು, ದೀಪ ಹಚ್ಚಿಕೊಂಡು, ಹಾಡು ಹೇಳುತ್ತ ಗೌರಿಗೆ ಬೆಳಗಲು ಹೋಗುತ್ತಾರೆ. ಬಂದ ಮೇಲೆ ತಿನ್ನುತ್ತಾರೆ. ಅವ್ವನ ತಾಯಿ, ನಾನು ಆಯಿ ಎಂದು ಕರೆಯುತ್ತಿದ್ದವಳು, ತನ್ನ ಅತ್ತೆಯಿಂದ ಬಂದ ಅಚ್ಚುಗಳಲ್ಲಿ ಪ್ರತಿವರ್ಷ ಸಕ್ಕರೆ ಆರತಿ ಹೊಯ್ಯುತ್ತಿದ್ದಳು. ಅದರಲ್ಲಿ ಗಿಳಿಯ ಅಚ್ಚು ಮಾತ್ರ ಎಂದೋ ಸೀಳಿತ್ತು. ಹಾಗಾಗಿ ಆಯಿ ಹೊಯ್ದ ಪ್ರತಿ ಗಿಳಿಯ ಕೊರಳಿಗೂ ಅಡ್ಡಲಾಗಿ ಒಂದು ತೆಳು ಗೆರೆ ಬೀಳುತ್ತಿತ್ತು. ಬೇರೆಯವರು ಅದನ್ನು ಕೆಟ್ಟ ಅಚ್ಚು ಎನ್ನುತ್ತಿದ್ದರಂತೆ. ಆಯಿ ಮಾತ್ರ ಅದು ಗಿಳಿಯ ತಾಳಿ ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದಳಂತೆ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಊರಿಂದ ಬಂದ ಯಾರೋ ಒಂದು ಸ್ಟೀಲ್ ಡಬ್ಬಿ ತಂದುಕೊಟ್ಟರು. ಚುರುಮುರಿಯ ನಡುವೆ ಹುದುಗಿಸಿಟ್ಟ ಸಕ್ಕರೆ ಆರತಿ. ಆನೆಯ ಸೊಂಡಿಲು ವಿಮಾನದಲ್ಲೇ ಮುರಿದಿತ್ತು. ನಾನು ನವಿಲು, ಆನೆ, ತೇರು ಮೂರನ್ನೂ ಚುರುಮುರಿ ಸಮೇತ ಮುಗಿಸಿದೆ. ಗಿಳಿಯೊಂದನ್ನು ಅವ್ವ ಗಾಜಿನ ಕಪಾಟಿನಲ್ಲಿ ಎತ್ತಿಟ್ಟಳು. ಮುಂದಿನ ಬೇಸಿಗೆಯಲ್ಲಿ ಆಯಿ ತೀರಿಕೊಂಡಳು. ಟಿಕೆಟು, ವೀಸಾ, ನನ್ನ ಶಾಲೆ ಎಂದು ಅಪ್ಪ ಲೆಕ್ಕ ಹಾಕುವಷ್ಟರಲ್ಲಿ ಊರಲ್ಲಿ ಎಲ್ಲ ಮುಗಿದಿತ್ತು.

ಸಕ್ಕರೆ ಎಷ್ಟು ದಿನ ಇರುತ್ತದೆ? ನಮ್ಮದು ಅಡುಗೆಮನೆಗೆ ಅಂಟಿಕೊಂಡ ಕೋಣೆ. ಬೇಳೆ ಬೇಯುವ ಹಬೆ ಎಲ್ಲ ಕಪಾಟಿಗೇ. ಗಿಳಿ ಬೆವರತೊಡಗಿತು. ರೆಕ್ಕೆಯ ಮೇಲಿನ ಗರಿಗಳು ಮಸುಕಾದವು. ಅವ್ವ ದಿನಾ ಬೆಳಿಗ್ಗೆ ಕಪಾಟು ತೆಗೆದು ನೋಡಿ ಬಾಗಿಲು ಹಾಕುತ್ತಿದ್ದಳು.

ನಮ್ಮ ಕೆಳಗಿನ ಮನೆಯಲ್ಲಿ ಫ್ರೌ ವೇಬರ್ ಎಂಬ ಮುದುಕಿ ಇದ್ದಳು. ಕ್ರಿಸ್‌ಮಸ್‌ಗೆ ಮುಂಚಿನ ಆಡ್ವೆಂಟ್ ವಾರಗಳು ಬಂದರೆ ಚರ್ಚಿಗೆ ಹರಕೆ ದೀಪ ಮಾಡಿಕೊಡುವುದು ಅವಳ ಕೆಲಸ. ಮೆತ್ತಗೆ ರಬ್ಬರಿನ ಹಾಗೆ ಬಾಗುವ ಸಿಲಿಕಾನ್ ಅಚ್ಚುಗಳ ರಾಶಿಯೇ ಅವಳಲ್ಲಿತ್ತು: ದೇವದೂತ, ಪೈನ್ ಕಾಯಿ, ನಕ್ಷತ್ರ. ಅವ್ವ ಒಂದು ದಿನ ಗಿಳಿಯನ್ನು ಬಟ್ಟಲಲ್ಲಿಟ್ಟುಕೊಂಡು ಕೆಳಗಿಳಿದಳು. ಅವ್ವನ ಜರ್ಮನ್ ಆಗ ತರಕಾರಿ ಅಂಗಡಿಗೆ ಸಾಲುವಷ್ಟು. ಫ್ರೌ ವೇಬರ್‌ಗೆ ಇಂಗ್ಲಿಷ್ ಬರದು. ಆದರೂ ಅವರಿಬ್ಬರೂ ಒಂದು ಇಡೀ ಮಧ್ಯಾಹ್ನ ಮಾತಾಡಿದರು, ನಡುವೆ ಕೂತು ಅರ್ಥ ಹೇಳಲು ಹೋದ ನನ್ನನ್ನು ಯಾರೂ ಕೇಳಲಿಲ್ಲ. ಮೇಲೆ ಬರುವಾಗ ಅವ್ವನ ಕೈಯಲ್ಲಿ ಎರಡು ಡಬ್ಬಿ ಇದ್ದವು. ಎರಡರಲ್ಲಿರುವುದನ್ನೂ ಸಮಸಮ ಕಲಸಿ ಹೊಯ್ದರೆ ಮರುದಿನಕ್ಕೆ ರಬ್ಬರಿನಂತೆ ಗಟ್ಟಿಯಾಗುತ್ತದೆ.

ಅವ್ವ ಹಾಲಿನ ರಟ್ಟಿನ ಪೆಟ್ಟಿಗೆಯ ತಲೆ ಕತ್ತರಿಸಿ, ತಳಕ್ಕೆ ಗಿಳಿಯನ್ನು ಮೇಣದಿಂದ ಅಂಟಿಸಿ, ಸಿಲಿಕಾನನ್ನು ನೂಲಿನಂತೆ ಸಣ್ಣ ಧಾರೆಯಲ್ಲಿ ಇಳಿಬಿಟ್ಟಳು. ದೇವರಿಗೆ ಅಭಿಷೇಕ ಮಾಡುವಾಗ ಕೂಡ ಅವಳು ಅಷ್ಟು ನಿಧಾನ ಮಾಡಿದ್ದನ್ನು ನಾನು ಕಂಡಿಲ್ಲ. ಮರುದಿನ ಬೆನ್ನ ಕಡೆಯಿಂದ ಚಾಕುವಿನಲ್ಲಿ ಸೀಳಿ ಬಿಡಿಸಿದಾಗ ಸಕ್ಕರೆಯ ಗಿಳಿ ಎರಡು ತುಂಡಾಗಿ ಹೊರಬಂತು.

"ಮುರೀತಲ್ಲ, ಅವ್ವಾ," ಎಂದೆ.

"ಮುರೀಲಿ ಬಿಡು. ಆಯಿ ಈಗ ಇದರಾಗ ಅದಾಳ." ಅವ್ವ ಅಚ್ಚಿನ ಒಳಗೆ ಬೆರಳಾಡಿಸಿದಳು. "ನೋಡಿಲ್ಲೆ, ಕೊಳ್ಳಾಗಿನ ಗೆರಿನೂ ಬಂದೈತಿ."

ಬಾಲ ನನಗೆ, ತಲೆ ಅವಳಿಗೆ. ಇಬ್ಬರೂ ಸಿಂಕಿನ ಪಕ್ಕ ನಿಂತು ಆಯಿಯ ಕೊನೆಯ ಗಿಳಿಯನ್ನು ತಿಂದೆವು. ಅದಕ್ಕೆ ಹಾಲಿನ ವಾಸನೆಯೂ ಒಂಚೂರು ಸಾಸಿವೆ ಒಗ್ಗರಣೆಯ ವಾಸನೆಯೂ ಇತ್ತು.

ಆ ಚಳಿಗಾಲ ನನ್ನ ಜೀವನದ ಅತ್ಯಂತ ಒಳ್ಳೆಯ ಚಳಿಗಾಲ. ಫ್ರೌ ವೇಬರ್ ಕೊಟ್ಟ ಹಳೆಯ ಮೇಣದ ತುಂಡುಗಳನ್ನು ಡಬ್ಬಿಗೆ ಹಾಕಿ, ಆ ಡಬ್ಬಿಯನ್ನು ಕುದಿಯುವ ನೀರಿನ ಪಾತ್ರೆಯಲ್ಲಿ ಇಡುತ್ತಿದ್ದೆವು. ಬತ್ತಿಯನ್ನು ಸ್ವೆಟರ್ ಹೆಣೆಯುವ ಕಡ್ಡಿಯಿಂದ ಅಚ್ಚಿನೊಳಗೆ ತೂರಿಸುವುದು ನನ್ನ ಪಾಲು. ಅಚ್ಚಿನ ಸೀಳು ಬಿಡದಂತೆ ರಬ್ಬರ್ ಬ್ಯಾಂಡ್ ಬಿಗಿಯುವುದೂ ನನ್ನದೇ. ಹೊಯ್ಯುವುದು ಮಾತ್ರ ಅವ್ವ. ಮೇಣ ತೀರಾ ಬಿಸಿ ಇದ್ದರೆ ಗುಳ್ಳೆ ಬರುತ್ತದೆ, ಆರಿದರೆ ರೆಕ್ಕೆಯ ತುದಿಗೆ ಇಳಿಯುವುದಿಲ್ಲ. ಡಬ್ಬಿಯ ಅಂಚಿನಲ್ಲಿ ತೆಳ್ಳಗೆ ಕೆನೆ ಕಟ್ಟುವುದನ್ನೇ ಕಾಯುತ್ತ ಅವ್ವ ಗೌರಿ ಹಾಡು ಗುನುಗುತ್ತಿದ್ದಳು. ಹಾಡಿನ ನಡುವೆ ಮಾತು. ಆಯಿ ಯಾರಿಗೆ ಬೈದಳು, ಯಾವ ಗೆಳತಿ ಯಾರ ಆರತಿಯ ಆನೆ ಕದ್ದು ತಿಂದಳು, ಯಾರಿಗೆ ಗಂಡನ ಮನೆಯಿಂದ ಆರತಿ ಬರಲಿಲ್ಲವೆಂದು ಎಷ್ಟು ರಂಪವಾಯಿತು. ನಾನು ಕನ್ನಡ ಕಲಿತದ್ದು ಆ ಒಲೆಯ ಮುಂದೆ. ಮೇಣ ಆರಿದ ಮೇಲೆ ಮೆತ್ತಗಿನ ಅಚ್ಚನ್ನು ಬಾಳೆಹಣ್ಣಿನ ಸಿಪ್ಪೆಯಂತೆ ಹಿಂದಕ್ಕೆ ಬಗ್ಗಿಸಿ ಸುಲಿದರೆ ಗಿಳಿ ಬರುತ್ತಿತ್ತು. ಮೊದಲು ಕೊಕ್ಕು, ಆಮೇಲೆ ಕೊರಳು. ನಾನು ಪ್ರತಿಸಲವೂ ಗೆರೆ ಬಂದಿದೆಯೇ ಎಂದು ಉಗುರಿನಿಂದ ಮುಟ್ಟಿ ನೋಡುತ್ತಿದ್ದೆ.

ಗೌರಿ ಹುಣ್ಣಿಮೆಯ ದಿನ ಬಾಲ್ಕನಿಯ ತುಳಸಿ ಕುಂಡದ ಮುಂದೆ ಅಂಥ ಗಿಳಿಗಳನ್ನು ಸಾಲಾಗಿ ಹಚ್ಚಿದೆವು. ನಾನು ಜಂಪರ್ ಮೇಲೆ ಪರಕಾರ ಉಟ್ಟು, ಅದರ ಮೇಲೆ ದಪ್ಪ ಜಾಕೆಟ್ ಹಾಕಿ ಆರತಿ ಬೆಳಗಿದೆ. ಫ್ರೌ ವೇಬರ್ ಕೆಳಗಿನಿಂದ ಕೈ ಬೀಸಿದಳು.

ಇಷ್ಟೇ ಆಗಿದ್ದರೆ ನಾನೂ ಕಣ್ಣು ಒದ್ದೆ ಮಾಡಿಕೊಂಡು ಬರೆಯಬಹುದಿತ್ತು. ಆದರೆ ಮರುವರ್ಷ ಮಾಲಿನಿ ಆಂಟಿ ನಮ್ಮ ಮನೆಗೆ ಬಂದರು.

ಮಾಲಿನಿ ಆಂಟಿ ಮೈಸೂರಿನವರು. ಆಗ ನಮ್ಮ ಸುತ್ತಮುತ್ತ ಇದ್ದ ಪುಟ್ಟ ಕನ್ನಡ ಕೂಟಕ್ಕೆ ಅವರೇ ಕಾರ್ಯದರ್ಶಿ, ಅವರೇ ಖಜಾಂಚಿ, ಅವರೇ ನಿರೂಪಕಿ. ಅದಕ್ಕಿಂತ ಮುಖ್ಯವಾಗಿ, ಅವರ ಗಂಡ ಅಪ್ಪನ ಟೀಮ್ ಲೀಡ್. ಅಪ್ಪನ ಕೆಲಸ ಇನ್ನೂ ಪರ್ಮನೆಂಟ್ ಆಗಿರಲಿಲ್ಲ. ಇದನ್ನು ಯಾರೂ ನಮ್ಮ ಮನೆಯಲ್ಲಿ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಆಂಟಿ ಬರುವ ದಿನ ಅಪ್ಪ ತಾನೇ ಸೋಫಾದ ದಿಂಬು ಸರಿಮಾಡುತ್ತಿದ್ದ.

ಆಂಟಿ ಕಪಾಟಿನ ಮೇಲಿದ್ದ ಗಿಳಿ ದೀಪ ಎತ್ತಿ ನೋಡಿದರು. "ಸುಜಾತಾ, ಇದನ್ನ ನೀವೇ ಮಾಡಿದ್ದಾ? ಬ್ಯೂಟಿಫುಲ್ ಕಣ್ರೀ. ಈ ಸಲ ದೀಪಾವಳಿ ಫಂಕ್ಷನ್‌ಗೆ ಎಲ್ಲಾ ಟೇಬಲ್‌ಗೂ ನೀವೇ ಮಾಡ್ಕೊಡ್ಬೇಕು. ಆ ಹಾಲ್‌ನೋರು ಎಣ್ಣೆ ದೀಪಕ್ಕೆ ಪರ್ಮಿಷನ್ ಕೊಡಲ್ಲ, ಗ್ಲಾಸ್ ಒಳಗೆ ಕ್ಯಾಂಡಲ್ ಆದ್ರೆ ಓಕೆ ಅಂತಾರೆ."

ಅವ್ವನ ಮುಖ ಅರಳಿದ್ದು ನನಗೆ ಈಗಲೂ ಕಾಣುತ್ತದೆ. ಈ ದೇಶಕ್ಕೆ ಬಂದ ಮೇಲೆ ಅವಳಿಂದ ಏನಾದರೂ ಬೇಕು ಎಂದು ಕೇಳಿದ ಮೊದಲ ವ್ಯಕ್ತಿ ಅವರು. "ಮಾಡ್ತೀನ್ರಿ. ಗಿಣಿ ಎಷ್ಟ್ ಬೇಕು?"

"ಗಿಳಿ ಅಲ್ಲಾ ರೀ. ಗಿಳಿ ಒಂಥರಾ ಹಳ್ಳಿ ತರ ಕಾಣುತ್ತೆ. ಇಲ್ನೋಡಿ." ಆಂಟಿ ಚೀಲದಿಂದ ಆನ್‌ಲೈನ್‌ನಲ್ಲಿ ತರಿಸಿದ ಗುಲಾಬಿ ಬಣ್ಣದ ಸಿಲಿಕಾನ್ ಅಚ್ಚುಗಳನ್ನು ತೆಗೆದರು. ಕಮಲದ ಮೇಲೆ ಕೂತ ಲಕ್ಷ್ಮಿ. "ಒಂದೊಂದು ಟೇಬಲ್ ಮೇಲೂ ಒಂದೊಂದು ಲಕ್ಷ್ಮಿ ಉರೀತಿದ್ರೆ ಫೋಟೋ ಹೇಗೆ ಬರುತ್ತೆ, ಯೋಚನೆ ಮಾಡಿ."

ಅವ್ವ ಅಚ್ಚನ್ನು ತಿರುಗಿಸಿ ನೋಡಿದಳು. "ಬತ್ತಿ ಎಲ್ಲಿ ಬರ್ತೈತ್ರಿ?"

"ಕಿರೀಟದ ತುದೀಲಿ."

"ತಲಿ ಮ್ಯಾಲ ಬೆಂಕಿ ಇಟ್ಟಂಗ ಆಗತೈತಲ್ರೀ. ದೇವರ ಮುಂದ ದೀಪ ಹಚ್ಚತೀವಿ, ದೇವರಿಗೇ ಹಚ್ಚೂದು ಹ್ಯಾಂಗ?"

"ಅಯ್ಯೋ ಸುಜಾತಾ, ಇದು ಕ್ಯಾಂಡಲ್ ಕಣ್ರೀ, ಪ್ರಾಣಪ್ರತಿಷ್ಠೆ ಮಾಡಿದ ಮೂರ್ತಿನಾ? ಇಷ್ಟೊಂದು ಓಲ್ಡ್ ಫ್ಯಾಷನ್ ಆಗ್ಬೇಡಿ." ಆಂಟಿ ನಗುತ್ತಲೇ ಹೇಳಿದರು. "ಡೆಮೊ ಟೇಬಲ್ ಅಂತ ಒಂದು ಇಡೋಣ. ಅಲ್ಲಿ ನಿಮ್ಮ ಗಿಳಿ ಮೋಲ್ಡೂ ಇಡಿ, ಮಕ್ಕಳಿಗೆ ಖುಷಿ ಆಗುತ್ತೆ."

ಆ ರಾತ್ರಿ ಊಟಕ್ಕೆ ಕೂತಾಗ ಅವ್ವ ಅಪ್ಪನ ಮುಂದೆ ಮತ್ತೆ ಅದೇ ಮಾತು ತೆಗೆದಳು. ಅಪ್ಪ ರೊಟ್ಟಿ ಮುರಿಯುತ್ತ, "ಅವರು ಹೇಳಿದಂಗ ಮಾಡಿಬಿಡು. ಒಂದ್ ದಿನದ ಮಾತು," ಎಂದ.

ನಾನು ನಡುವೆ ಬಾಯಿ ಹಾಕಿದೆ. "ಸಕ್ಕರಿ ಬಸವಣ್ಣನ ತಲಿ ಕಚ್ಚಿ ತಿಂತೀವಲ್ಲ ಅವ್ವಾ, ಅದು ನಡೀತೈತಾ?"

ಅವ್ವ ಸ್ವಲ್ಪ ಯೋಚಿಸಿದಳು. "ತಿಂದದ್ದು ನಮ್ಮ ಹೊಟ್ಟ್ಯಾಗ ಇರತೈತಿ. ಸುಟ್ಟದ್ದು ಎಲ್ಲಿ ಇರತೈತಿ ಹೇಳು," ಎಂದಳು. ಇದಕ್ಕಿಂತ ದೊಡ್ಡ ಶಾಸ್ತ್ರ ನನಗೆ ಯಾರೂ ಹೇಳಿಲ್ಲ. ಆದರೂ ಅವಳು ಲಕ್ಷ್ಮಿಯನ್ನು ಮಾಡಿದಳು. ಮಾಡುವುದೇ ಆದರೆ ಕೆಟ್ಟದಾಗಿ ಮಾಡುವುದು ಅವಳಿಗೆ ಬರುತ್ತಿರಲಿಲ್ಲ. ಬಿಳಿ ಮೇಣದ ಮುಖ, ಗುಲಾಬಿ ಕಮಲ, ಹಣೆಗೆ ಕೆಂಪು ಮೇಣದ ಬೊಟ್ಟು, ತುಟಿಗೂ ಅದೇ ಕೆಂಪು. ಊಟದ ಮೇಜಿನ ತುಂಬ ಲಕ್ಷ್ಮಿಯರು ಕೂತಿದ್ದರಿಂದ ನಾವು ಹಲವು ದಿನ ನೆಲದ ಮೇಲೆ ಕೂತು ಉಂಡೆವು. ಆ ದಿನಗಳಲ್ಲಿ ಅವ್ವ ಹಾಡಲಿಲ್ಲ ಎನ್ನುವುದನ್ನು ನಾನು ಆಗಲೇ ಗಮನಿಸಿದ್ದೆ.

ದೀಪಾವಳಿ ಮುಗಿದು ವಾರದ ಮೇಲೆ, ಹಾಲ್ ಸಿಕ್ಕ ಶನಿವಾರ, ನಮ್ಮ ದೀಪಾವಳಿ. ಇಲ್ಲಿ ಹಬ್ಬಗಳು ಪಂಚಾಂಗ ನೋಡಿ ಬರುವುದಿಲ್ಲ, ಹಾಲ್ ಖಾಲಿ ಇದ್ದಾಗ ಬರುತ್ತವೆ. ಬಿಸಿಬೇಳೆಬಾತ್, ಪಾಯಸ, ರೇಷ್ಮೆ ಸೀರೆ, ಮೂಲೆಯಲ್ಲಿ ರಾಶಿ ಬಿದ್ದ ಚಳಿಯ ಜಾಕೆಟ್ಟುಗಳು, ಡೆಮೊ ಟೇಬಲ್ಲಿನ ಮೇಲೆ ಗಿಳಿ ಅಚ್ಚಿನ ಸಮೇತ ಅವ್ವನ ಡಬ್ಬಿ. ಹಾಲ್‌ನ ಉಸ್ತುವಾರಿ ನೋಡುವ ಹೌಸ್‌ಮೈಸ್ಟರ್ ಬೆಂಕಿ ಆರಿಸುವ ಸಿಲಿಂಡರನ್ನು ಕಾಲ ಬಳಿ ಇಟ್ಟುಕೊಂಡು, ಕೈಕಟ್ಟಿ ಬಾಗಿಲಲ್ಲಿ ನಿಂತಿದ್ದ. ಪೂಜೆಯಾದ ಮೇಲೆ ಆಂಟಿ ಲೈಟು ಆರಿಸಲು ಹೇಳಿದರು. ಪ್ರತಿ ಟೇಬಲ್ಲಿನಲ್ಲೂ ಗಾಜಿನ ಬಟ್ಟಲಲ್ಲಿ ಕೂತ ಲಕ್ಷ್ಮಿಯ ಕಿರೀಟಕ್ಕೆ ಒಬ್ಬೊಬ್ಬರು ಬೆಂಕಿ ಮುಟ್ಟಿಸಿದರು. ಎಲ್ಲರೂ ಓಹೋ ಎಂದರು. ಫೋಟೋಗಳು ಬಿದ್ದವು. ಆಂಟಿ ಮೈಕ್ ಹಿಡಿದು, ಇದು ಈ ವರ್ಷದ ತಮ್ಮ ಕಲ್ಪನೆ ಎಂದು ಹೇಳಿದರು. ಮಾಡಿದ್ದು ಯಾರು ಎಂದು ಹೇಳಲಿಲ್ಲ. ಭಾಷಣ ಉದ್ದವಾಯಿತು.

ಮೊದಲು ನೋಡಿದ್ದು ಪಕ್ಕದ ಟೇಬಲ್ಲಿನ ಒಂದು ಪುಟ್ಟ ಹುಡುಗ. ಅವನು ಅಮ್ಮನ ಸೆರಗು ಜಗ್ಗಿ, ಈ ಆಂಟಿ ಕರಗುತ್ತಿದ್ದಾಳೆ ಎಂದು ಜರ್ಮನ್‌ನಲ್ಲಿ ಗಟ್ಟಿಯಾಗಿ ಹೇಳಿದ. ಎಲ್ಲರೂ ನಕ್ಕರು. ಆಮೇಲೆ ನೋಡಿದರು. ಕಿರೀಟ ಹೋಗಿತ್ತು. ಹಣೆ ಕುಸಿಯುತ್ತಿತ್ತು. ಬೊಟ್ಟಿನ ಕೆಂಪು ಕರಗಿ ಎರಡು ಕಣ್ಣುಗಳ ಮೇಲಿಂದ ಕೆನ್ನೆಗೆ, ಕೆನ್ನೆಯಿಂದ ಕಮಲಕ್ಕೆ ಇಳಿಯುತ್ತಿತ್ತು. ಎಲ್ಲ ಟೇಬಲ್ಲುಗಳ ಮೇಲೂ.

"ಅಯ್ಯಯ್ಯೋ, ಲಕ್ಷ್ಮಿ ಮುಖ ನೋಡ್ರೋ," ಎಂದು ಮೈಸೂರಿನಿಂದ ಮಗನ ಮನೆಗೆ ಬಂದಿದ್ದ ಒಬ್ಬ ಅಜ್ಜಿ ಎದ್ದು ನಿಂತರು. "ರಕ್ತ ಸುರಿಸ್ತಿದಾಳಲ್ಲೋ. ಆರಿಸ್ರೋ ಮೊದ್ಲು."

ಆರಿಸುವುದು ಹೇಗೆ? ದೇವರ ದೀಪವನ್ನು ಬಾಯಿಂದ ಊದಬಾರದು. ಅದೂ ಹಬ್ಬದ ದಿನ, ಅದೂ ಪೂಜೆಯಾದ ಮೇಲೆ. ಇಡೀ ಹಾಲ್‌ನಲ್ಲಿ ಇದ್ದವರೆಲ್ಲ ಇಂಜಿನಿಯರುಗಳು. ಬ್ರೇಕ್ ವಿನ್ಯಾಸ ಮಾಡಿ ಓಡುವ ಕಾರು ನಿಲ್ಲಿಸುವುದೇ ಅವರಲ್ಲಿ ಅರ್ಧ ಜನರ ಹೊಟ್ಟೆಪಾಡು. ಒಬ್ಬರೂ ಒಂದು ದೀಪವನ್ನು ಮುಟ್ಟಲಿಲ್ಲ. ತಟ್ಟೆ ಮುಚ್ಚೋಣ ಎಂದರು ಒಬ್ಬರು. ದೀಪಕ್ಕೆ ತಟ್ಟೆ ಮುಚ್ಚಿದರೆ ಮನೆಗೆ ಕತ್ತಲೆ ಎಂದರು ಇನ್ನೊಬ್ಬರು. ತಾನಾಗೇ ಶಾಂತವಾಗಲಿ ಎಂದು ಒಬ್ಬರು ಹೇಳುವಾಗ ಒಂದು ಲಕ್ಷ್ಮಿಯ ಮೂಗು ಬಿತ್ತು. ಗಲಾಟೆ ನೋಡಿ ಹೌಸ್‌ಮೈಸ್ಟರ್ ಬಂದು, ಹತ್ತಿರದ ಟೇಬಲ್ಲಿಗೆ ಬಗ್ಗಿ ಕೆನ್ನೆ ಉಬ್ಬಿಸಿದ. ನೈನ್ ನೈನ್, ಬೇಡ ಬೇಡ ಎಂದು ಅಷ್ಟೂ ಜನ ಅವನ ಮೇಲೆ ಬಿದ್ದರು. ಆ ಮನುಷ್ಯ ಕೆನ್ನೆಯಲ್ಲಿ ಗಾಳಿ ಹಿಡಿದುಕೊಂಡೇ ಹಿಂದೆ ಸರಿದ.

ಆಗ ನಮ್ಮ ಅವ್ವ ಎದ್ದಳು. ಪಾಯಸಕ್ಕೆಂದು ತಂದು ಉಳಿದಿದ್ದ ಹಾಲನ್ನು ಲೋಟಕ್ಕೆ ಹಾಕಿಕೊಂಡಳು. ಹಾಲಿನಲ್ಲಿ ಬೆರಳದ್ದಿ ಮೊದಲ ಟೇಬಲ್ಲಿನ ಬತ್ತಿಯನ್ನು ಚಿವುಟಿದಳು. ಹಾಗೆ ಶಾಂತ ಮಾಡುವುದು ಅವಳ ತವರಿನ ಪದ್ಧತಿ. ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ, ತಲೆ ತಗ್ಗಿಸಿ, ಬಾಯಲ್ಲಿ ಏನೋ ಹೇಳಿಕೊಳ್ಳುತ್ತ ಹೋದಳು. ಕರಗಿದ ಮೇಣ ಬೆರಳಿಗೆ ಹತ್ತಿ ಬೊಬ್ಬೆ ಬರುತ್ತಿದ್ದುದು ಎಲ್ಲರಿಗೂ ಕಾಣುತ್ತಿತ್ತು. ಎಲ್ಲರೂ ದಾರಿ ಬಿಟ್ಟರು, ಅಷ್ಟೇ. ಕೊನೆಯ ದೀಪ ಆರಿ ಹಾಲ್ ಕತ್ತಲಾದಾಗ ಯಾರೋ ಲೈಟು ಹಾಕಿದರು. ಮೈಕಿನಲ್ಲಿ ಮಾಲಿನಿ ಆಂಟಿಯ ದನಿ ಬಂತು.

"ದಯವಿಟ್ಟು ಯಾರೂ ಬೇಜಾರ್ ಮಾಡ್ಕೋಬೇಡಿ. ಕಮಿಟಿಯಿಂದ ಇದು ಆಗಿದ್ದಲ್ಲ. ಕ್ಯಾಂಡಲ್ ಮಾಡಿದೋರಿಗೆ ಇಷ್ಟಾದ್ರೂ ಗೊತ್ತಿರ್ಬೇಕಿತ್ತು. ದೇವರ ತಲೆಗೆ ಬತ್ತಿ ಇಡ್ತಾರಾ, ಸುಜಾತಾ?"

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಎಂಬ ಗಾದೆಯನ್ನು ನಾನು ಮುಂದೆ ಯಾವತ್ತು ಕೇಳಿದರೂ ನನಗೆ ಆ ಮೈಕೇ ಕಾಣುತ್ತದೆ. ಅವ್ವ ಬೊಬ್ಬೆ ಬಂದ ಬೆರಳುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು. ಹಾಲಿನ ಲೋಟ ಇನ್ನೊಂದು ಕೈಯಲ್ಲಿತ್ತು. ಅವಳು ಅಪ್ಪನ ಕಡೆ ನೋಡಿದಳು. ಅಪ್ಪ ತನ್ನ ತಟ್ಟೆಯ ಬಿಸಿಬೇಳೆಬಾತ್ ನೋಡುತ್ತಿದ್ದ. ಆಂಟಿಯ ಗಂಡ ಅವನ ಎದುರಿಗೇ ಕೂತಿದ್ದರು.

ನನಗೆ ಅಪ್ಪನ ಮೇಲೆ ಪ್ರೀತಿ ಇಲ್ಲವೆಂದಲ್ಲ. ಸೈಕಲ್ ಕಲಿಸಿದ್ದು ಅವನೇ, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದೂ ಅವನೇ. ಆದರೆ ಆ ತಟ್ಟೆಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಮನೆಗೆ ಬರುವಾಗ ಕಾರಿನಲ್ಲಿ ಅವ್ವ ಒಂದೇ ಮಾತಾಡಿದಳು. "ನನ್ನ ಡಬ್ಬಿ ಅಲ್ಲೇ ಉಳೀತು. ಗಿಣಿ ಅಚ್ಚು ಅದರಾಗ ಐತಿ."

"ಇರಲಿ ಬಿಡು. ಸೋಮವಾರ ಕೇಳ್ತೀನಿ," ಎಂದ ಅಪ್ಪ.

ಆ ಸೋಮವಾರ ಇನ್ನೂ ಬಂದಿಲ್ಲ. ಗೌರಿ ಹುಣ್ಣಿಮೆ ಹತ್ತಿರ ಬಂದಾಗ ಅವ್ವ ತಾನೇ ಫೋನ್ ಮಾಡಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಆಂಟಿಯ ದನಿ ಹೊರಗೆ ಕೇಳುವಷ್ಟು ದೊಡ್ಡದು. "ಅದನ್ನೆಲ್ಲಾ ಎಸೆದ್ಬಿಟ್ವಿ ಕಣ್ರೀ. ಅಪಶಕುನದ ಸಾಮಾನು, ಮನೇಲಿ ಯಾಕೆ ಇಟ್ಕೋಬೇಕು? ನೀವೂ ಮರೆತುಬಿಡಿ." ಅವ್ವ ಆಯ್ತ್ರಿ ಎಂದು ಫೋನ್ ಇಟ್ಟಳು.

ನಾನು ಕೂಗಾಡಿದೆ. "ನೀ ಯಾಕ ಸುಮ್ನಿದ್ದಿ? ಲಕ್ಷ್ಮಿ ಅಚ್ಚು ಅವರೇ ತಂದುಕೊಟ್ಟದ್ದು ಅಂತ ಯಾಕ ಹೇಳಲಿಲ್ಲ? ನಮ್ಮ ಗಿಣಿ ಯಾಕ ಎಸೆದ್ರಿ ಅಂತ ಯಾಕ ಬೈಲಿಲ್ಲ?"

"ಅಪ್ಪನ ಕೆಲಸ ಐತಿ. ಮಾತು ಬೆಳ್ಳಿ, ಮೌನ ಬಂಗಾರ," ಎಂದಳು.

ಬೆಳ್ಳಿ ಬಂಗಾರ ಎರಡೂ ಮಾಲಿನಿ ಆಂಟಿಯ ಪಾಲಾದವು. ಅಪ್ಪನಿಗೆ ಕೆಲಸ ಪರ್ಮನೆಂಟ್ ಆಯಿತು. ಮನೆಯಲ್ಲಿ ಪೇಢೆ ಹಂಚಿದರು. ನಾನು ತಿನ್ನಲಿಲ್ಲ. ಕೆಲವರಿಗೆ ಸಿಟ್ಟು ಮೂಗಿನ ಮೇಲೆ ಇರುತ್ತದೆ ಎನ್ನುತ್ತಾರೆ, ನನ್ನದು ಅಂದಿನಿಂದ ನಾಲಿಗೆಯ ಕೆಳಗೆ ಇದೆ.

ಅವ್ವ ಮತ್ತೆ ದೀಪ ಮಾಡಲಿಲ್ಲ. ಫ್ರೌ ವೇಬರ್ ಮೇಣದ ತುಂಡುಗಳ ಚೀಲವನ್ನು ಬಾಗಿಲಲ್ಲಿಟ್ಟು ಹೋಗುತ್ತಿದ್ದಳು. ಅವ್ವ ಅದನ್ನು ಕೆಳಗಿನ ಉಗ್ರಾಣದ ಕೋಣೆಗೆ ಸಾಗಿಸುತ್ತಿದ್ದಳು. ಕೂಟದ ಕಾರ್ಯಕ್ರಮಗಳಿಗೆ ಹೋದರೂ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದಳು, ಯಾರಾದರೂ ಮಾತಾಡಿಸಿದರೆ ತನ್ನ ಗದಗಿನ ಮಾತು ಬಿಟ್ಟು ಅವರಂತೆ ಮಾತಾಡಲು ನೋಡುತ್ತಿದ್ದಳು. ಅದು ನನಗೆ ಬೊಬ್ಬೆಗಳಿಗಿಂತ ಹೆಚ್ಚು ಉರಿಯುತ್ತಿತ್ತು. ನವೆಂಬರ್ ಸಂಜೆಗಳಲ್ಲಿ ಟಿವಿ ಹಚ್ಚುತ್ತಿದ್ದೆವು.

ಈಗ ನಾನು ಡಾರ್ಮ್‌ಸ್ಟಾಟ್‌ನಲ್ಲಿ ಕೆಲಸ ಮಾಡುತ್ತೇನೆ. ಅಪ್ಪ ಅವ್ವ ಅದೇ ಹಳೆಯ ಮನೆಯಲ್ಲಿದ್ದಾರೆ. ಹೋದ ವಾರ ಊಟಕ್ಕೆ ಹೋಗಿದ್ದಾಗ ಕೂಟದ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ವಿಡಿಯೋ ಬಂತು. ಬಾಗುವ ಅಚ್ಚು ಬಳಸಿ ಮನೆಯಲ್ಲೇ ಹರಕೆ ದೀಪ ಮಾಡುವ ವಿಧಾನ. ಹೇಳಿಕೊಡುತ್ತಿರುವವರು ಮಾಲಿನಿ ಆಂಟಿ. ಕೂದಲು ಬೆಳ್ಳಗಾಗಿದೆ, ದನಿ ಹಾಗೇ ಇದೆ. ಅವರು ಮೇಣ ಹೊಯ್ದರು. ಅಚ್ಚಿನ ಹೊರಮೈ ಹಳದಿಯಾಗಿತ್ತು, ನಾಲ್ಕು ಮೂಲೆಗಳಲ್ಲಿ ಹಾಲಿನ ಪೆಟ್ಟಿಗೆಯ ಮಡಿಕೆಯ ಗುರುತು ಇತ್ತು. ಆಂಟಿ ಅದನ್ನು ಹಿಂದಕ್ಕೆ ಬಗ್ಗಿಸಿ ಸುಲಿದರು. ಮೊದಲು ಕೊಕ್ಕು ಬಂತು, ಆಮೇಲೆ ಕೊರಳು.

"ಇದು ನಮ್ಮ ಮನೇಲಿ ತುಂಬಾ ವರ್ಷದಿಂದ ಇರೋ ಮೋಲ್ಡು. ಇಲ್ನೋಡಿ, ಕತ್ತಿನ ಹತ್ರ ಒಂದು ಡಿಫೆಕ್ಟ್ ಇದೆ. ಏನೂ ಯೋಚನೆ ಮಾಡ್ಬೇಡಿ, ಬಿಸಿ ಚಮಚದ ಹಿಂಭಾಗದಲ್ಲಿ ಮೆಲ್ಲಗೆ ಸವರಿದ್ರೆ ನೀಟಾಗಿ ಹೋಗ್ಬಿಡುತ್ತೆ."

ಚಮಚ ಬಂತು. ಗೆರೆ ಹೋಯಿತು.

"ಹಿಂದ ತಗೋ," ಎಂದಳು ಅವ್ವ. ನಾನು ಹಿಂದೆ ಸರಿಸಿದೆ. "ನಿಂದ್ರಸು." ಗೆರೆ ಕಾಣುವ ಕಡೆ ನಿಲ್ಲಿಸಿದೆ. ಅವ್ವ ಕನ್ನಡಕ ಹಾಕಿಕೊಂಡು ಫೋನಿನ ಗಾಜಿನ ಮೇಲೆ ಉಗುರಿನಿಂದ ಗಿಳಿಯ ಕೊರಳು ಮುಟ್ಟಿದಳು. ಅಪ್ಪ ಅಲ್ಲೇ ಇದ್ದ. ಅವನು ಈ ಸಲ ತಟ್ಟೆ ನೋಡಲಿಲ್ಲ, ಎದ್ದು ಬಾಲ್ಕನಿಗೆ ಹೋದ.

ಅವ್ವ ಕೂಗಾಡಲಿ ಎಂದು ನನಗೆ ಅನಿಸಿತ್ತು. ಅವರಿಗೆ ಫೋನ್ ಮಾಡಿ, ಕಳ್ಳರೇ ಎಂದು ಬಾಯಿ ತುಂಬ ಬೈಯಬೇಕಿತ್ತು. ಆದರೆ ಅವಳು ಫೋನ್ ಇಸಿದುಕೊಂಡು, ಒಂದೊಂದೇ ಅಕ್ಷರ ಹುಡುಕಿ ಆಂಟಿಗೆ ಒಂದು ಸಾಲು ಕಳಿಸಿದಳು: ಮಾಲಿನಿಯವರೇ, ಆ ಗೆರಿ ಅಳಸಬ್ಯಾಡ್ರಿ.

ತನ್ನ ಮಾತಿನಲ್ಲೇ ಬರೆದಿದ್ದಳು. ಉತ್ತರ ಬೇಗನೇ ಬಂತು, ನಗುವ ಮುಖದ ಚಿತ್ರದ ಜೊತೆ: ಯಾವ ಗೆರೆ ರೀ?

ಅವ್ವ ಅದನ್ನು ಓದಿ ಫೋನ್ ಬೋರಲು ಹಾಕಿ, "ರೊಟ್ಟಿ ಆರಾಕತ್ತಾವು, ಕೂಡ್ರಿ," ಎಂದಳು.

ಆಯಿಯ ಕಟ್ಟಿಗೆ ಅಚ್ಚುಗಳು ಈಗ ಇಲ್ಲ. ಊರಲ್ಲಿ ಸೋದರಮಾವ ಮನೆ ಒಡೆದು ಕಟ್ಟಿಸುವಾಗ ಅವು ಬಚ್ಚಲ ಒಲೆಗೆ ಹೋದವಂತೆ. ಸಕ್ಕರೆ ಗಿಳಿಯನ್ನು ನಾವೇ ತಿಂದೆವು. ಫ್ರೌ ವೇಬರ್ ಇಲ್ಲ. ಆ ವರ್ಷದ ನಂತರ ಹುಟ್ಟಿದ ನನ್ನ ತಮ್ಮನಿಗೆ ಗೌರಿ ಹುಣ್ಣಿಮೆ ಎಂದರೆ ಬರೀ ಫೋಲ್‌ಮೋಂಡ್, ಕ್ಯಾಲೆಂಡರಿನಲ್ಲಿ ಒಂದು ದುಂಡು ಚಂದ್ರ. ಅವನು ಅವ್ವನಿಗೆ ಜರ್ಮನ್‌ನಲ್ಲೇ ಉತ್ತರ ಕೊಡುತ್ತಾನೆ, ಏಕೆಂದರೆ ಅವನು ಬೆಳೆದ ಅಡುಗೆಮನೆಯಲ್ಲಿ ಮೇಣದ ಕೆನೆ ಕಾಯುತ್ತ ಯಾರೂ ಹಾಡಲಿಲ್ಲ, ಆನೆ ಕದ್ದವಳ ಕತೆ ಹೇಳಲಿಲ್ಲ. ಅವ್ವನ ಬೆರಳ ತುದಿಗಳಲ್ಲಿ ಚರ್ಮ ಈಗಲೂ ನುಣುಪಾಗಿದೆ. ರೊಟ್ಟಿ ತಟ್ಟುವಾಗ ಬಿಸಿ ಗೊತ್ತಾಗುವುದಿಲ್ಲ ಎನ್ನುತ್ತಾಳೆ.

ಅವ್ವ ಉತ್ತರ ಬರೆಯಲಿಲ್ಲ, ಆದ್ದರಿಂದ ನಾನು ಇಷ್ಟುದ್ದ ಬರೆಯಬೇಕಾಯಿತು. ಯಾವ ಗೆರೆ ಎಂದು ಕೇಳಿದಿರಲ್ಲ ಮಾಲಿನಿ ಆಂಟಿ, ಈ ಗೆರೆ. ಚಮಚ ಕೆಳಗಿಡಿ. ನಮ್ಮ ಅಚ್ಚು ವಾಪಸು ಕೊಡಿ.